ಕಂಪ್ಯೂಟರ್ ಪೆಟ್ಟಿಗೆಗೆ ಗಾಳಿಯ ದಾರಿ

(ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ನಾವು ಇಂಜಿನಿಯರರಲ್ಲ. ನೂಲಿನ ಗಿರಣಿಯಲ್ಲಿ ಹಾಜರಿ ಪುಸ್ತಕ ನೋಡಿಕೊಳ್ಳುವ ಕಾರಕೂನರು. ಓದಿದ್ದು ಮೆಟ್ರಿಕ್ಕಿನವರೆಗೆ. ಸಂಜೆಯ ಹೊತ್ತು ಈ ವಾಚನಾಲಯದ ಬೀಗ ತೆಗೆದು, ಪತ್ರಿಕೆಗಳನ್ನು ಮೇಜಿನ ಮೇಲೆ ಹರಡಿ, ರಾತ್ರಿ ಮತ್ತೆ ಬೀಗ ಹಾಕುವುದು ನಮ್ಮ ಸೇವೆ. ಇಂಥ ನಾವು ಕಂಪ್ಯೂಟರಿನ ವಿಷಯ ಮಾತನಾಡಲು ನಿಂತದ್ದಕ್ಕೆ ಒಂದೇ ಕಾರಣ: ನಾವು ತಪ್ಪು ಮಾಡಿದೆವು, ಆ ತಪ್ಪಿನಿಂದ ಕಲಿತೆವು. ಆ ಕಲಿಕೆಯನ್ನು ತಮ್ಮ ಮುಂದಿಡುವುದು ನಮ್ಮ ಕರ್ತವ್ಯ.

ನಮ್ಮ ವಾಚನಾಲಯಕ್ಕೆ ದಾನವಾಗಿ ಬಂದ ಹಳೆಯ ಕಂಪ್ಯೂಟರನ್ನು ತಾವೆಲ್ಲ ನೋಡಿದ್ದೀರಿ. ಭವಿಷ್ಯನಿಧಿಯ ಲೆಕ್ಕ ನೋಡಲು, ರೈಲಿನ ಟಿಕೀಟು ತೆಗೆಸಲು, ಊರಿನ ಪಹಣಿ ಪತ್ರ ಪಡೆಯಲು, ಮಕ್ಕಳ ಅರ್ಜಿ ತುಂಬಲು ನಮ್ಮ ಜನ ಅದರ ಮುಂದೆ ಸಾಲುಗಟ್ಟಿ ಕೂರುತ್ತಾರೆ. 2023ರ ಮೇ ತಿಂಗಳ ಒಂದು ಸಂಜೆ ಮಗ್ಗದ ಕೆಲಸಗಾರರೊಬ್ಬರು ಒಂದು ಪಾಳಿಯ ಕೂಲಿ ಬಿಟ್ಟು ಮಗಳನ್ನು ಕರೆದುಕೊಂಡು ಬಂದರು. ಕಾಲೇಜಿನ ಅರ್ಜಿಗೆ ಅಂದೇ ಕೊನೆಯ ದಿನ. ಹುಡುಗಿ ಅರ್ಧ ತುಂಬಿದಳು, ಕಂಪ್ಯೂಟರು ತಾನಾಗಿ ಆರಿಹೋಯಿತು. ಮತ್ತೆ ಮೊದಲಿನಿಂದ ತುಂಬಿದಳು, ಮತ್ತೆ ಆರಿತು. ಮೂರನೆಯ ಸಲವೂ ಹಾಗೆಯೇ. ತಂದೆ ನಮ್ಮ ಮುಖ ನೋಡಿ, "ನಿಮ್ಮ ಮಷೀನ ನಂಬಿ ಬಂದಿದ್ದೆವ್ರೀ" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಮಗೆ ಇಷ್ಟು ನೋವಾಗುತ್ತಿರಲಿಲ್ಲ. ಸದಸ್ಯರೊಬ್ಬರ ಮನೆಗೆ ಓಡಿ, ರಾತ್ರಿ ಹನ್ನೆರಡಕ್ಕೆ ಹದಿನೈದು ನಿಮಿಷ ಉಳಿದಿರುವಾಗ ಅರ್ಜಿ ಸೇರಿಸಿದ್ದಾಯಿತು.

ಮರುದಿನ ಒಂದು ರಿಪೇರಿ ಅಂಗಡಿಯಲ್ಲಿ ವಿಚಾರಿಸಿದೆವು. ಅವರು ಪೆಟ್ಟಿಗೆ ಬಿಚ್ಚಿಯೂ ನೋಡದೆ, "ಮದರ್‌ಬೋರ್ಡು ಹೋಗಿದೆ, ಬದಲಿಸಬೇಕು" ಎಂದು ಸಾವಿರಗಳ ಲೆಕ್ಕ ಹೇಳಿದರು. ನಮ್ಮ ನಿಧಿಯಲ್ಲಿ ಅಷ್ಟು ಹಣವಿರಲಿಲ್ಲ. ಆದುದರಿಂದ ನಾವೇ ಬಿಚ್ಚಿ ನೋಡುವುದೆಂದು ನಿಶ್ಚಯಿಸಿದೆವು.

ಮೊದಲು ರೋಗವೇನೆಂದು ತಿಳಿಯಬೇಕು. ಕಂಪ್ಯೂಟರು ನುಂಗುವ ವಿದ್ಯುತ್ತು ಹೆಚ್ಚುಕಡಿಮೆ ಎಲ್ಲವೂ ಕಡೆಗೆ ಕಾವಾಗಿಯೇ ಹೊರಬೀಳುತ್ತದೆ. ನಮ್ಮ ಯಂತ್ರ ದುಡಿಯುವಾಗ ಸುಮಾರು 100 ವ್ಯಾಟ್ ನುಂಗುತ್ತದೆಂದು ಇಟ್ಟುಕೊಳ್ಳಿ. ಅಂದರೆ ಹಳೆಯ ಕಾಲದ 100 ವ್ಯಾಟಿನ ದೀಪವೊಂದನ್ನು ತಗಡಿನ ಪೆಟ್ಟಿಗೆಯಲ್ಲಿಟ್ಟು ಮುಚ್ಚಿದ ಹಾಗೆ. 1981ರಲ್ಲಿ ಬಂದ ಐಬಿಎಂ ಪಿಸಿಯ ಪ್ರೊಸೆಸರಿನ ತಲೆಯ ಮೇಲೆ ಪಂಖಾ ಇರಲೇ ಇಲ್ಲ. ಆಗ ಅದಕ್ಕೆ ಅಷ್ಟು ಕಾವಿರಲಿಲ್ಲ. ಈಗಿನ ಸಾಧಾರಣ ಪ್ರೊಸೆಸರುಗಳೇ 65 ವ್ಯಾಟಿನವು. ದೊಡ್ಡವು 125 ವ್ಯಾಟನ್ನೂ ಮೀರುತ್ತವೆ. ಬಹಳಷ್ಟು ಪ್ರೊಸೆಸರುಗಳ ಸಹನೆಯ ಮಿತಿ 100 ಡಿಗ್ರಿಯ ಆಸುಪಾಸು. ಆ ಮಿತಿ ಮುಟ್ಟಿದಾಗ ಅದು ಮೊದಲು ತನ್ನ ವೇಗ ಕಡಿಮೆ ಮಾಡಿಕೊಳ್ಳುತ್ತದೆ; ಕಾವು ಆಗಲೂ ಏರಿದರೆ ಸುಟ್ಟುಹೋಗದಂತೆ ತಾನೇ ಆರಿಕೊಳ್ಳುತ್ತದೆ. ಹೀಗಾಗಿ ನಮ್ಮ ಯಂತ್ರ ಕೆಟ್ಟಿರಲಿಲ್ಲ, ತನ್ನ ಜೀವ ಉಳಿಸಿಕೊಳ್ಳುತ್ತಿತ್ತು.

ಈ ಕಾವನ್ನು ಹೊರಗೆ ಸಾಗಿಸುವ ಆಳು ಗಾಳಿಯೊಂದೇ. ಲೆಕ್ಕ ಹೀಗಿದೆ. 100 ವ್ಯಾಟಿನ ಕಾವನ್ನು ಗಾಳಿ ಹೊತ್ತೊಯ್ಯಬೇಕು, ಆದರೆ ಆ ಗಾಳಿ 10 ಡಿಗ್ರಿಗಿಂತ ಹೆಚ್ಚು ಬಿಸಿಯಾಗಬಾರದು ಎಂದಾದರೆ, ಸೆಕೆಂಡಿಗೆ ಸುಮಾರು 8 ಲೀಟರು ಗಾಳಿ ಪೆಟ್ಟಿಗೆಯನ್ನು ಹಾದುಹೋಗಬೇಕು. ನಿಮಿಷಕ್ಕೆ ಸುಮಾರು 500 ಲೀಟರು. 15 ಲೀಟರಿನ ಕೊಡವೆಂದರೆ ಮೂವತ್ತಮೂರು ಕೊಡ! ಗಾಳಿ ಅರ್ಧಕ್ಕಿಳಿದರೆ ಕಾವಿನ ಏರಿಕೆ ಇಮ್ಮಡಿಯಾಗುತ್ತದೆ. ಸೆಕೆಂಡಿಗೆ 2 ಲೀಟರಷ್ಟೇ ಹಾದರೆ ಒಳಗಿನ ಗಾಳಿ ಕೋಣೆಗಿಂತ 40 ಡಿಗ್ರಿ ಬಿಸಿ. ನಮ್ಮ ಸೊಲ್ಲಾಪುರದ ಮೇ ತಿಂಗಳಲ್ಲಿ ಕೋಣೆಯೇ 39 ಡಿಗ್ರಿ ಇರುತ್ತದೆ. ಮುಂದಿನದನ್ನು ತಾವೇ ಕೂಡಿಸಿಕೊಳ್ಳಿರಿ.

ಇನ್ನು ನಮ್ಮ ತಪ್ಪುಗಳನ್ನು ಒಂದೊಂದಾಗಿ ಹೇಳುತ್ತೇವೆ.

ಮೊದಲನೆಯದು ಅತಿ ಪ್ರೀತಿ. ಕಳುವಾದೀತೆಂಬ ಅಂಜಿಕೆಯಿಂದ ನಾವು ಪೆಟ್ಟಿಗೆಯನ್ನು ಮರದ ಕಪಾಟಿನೊಳಗಿಟ್ಟು ಬಾಗಿಲಿಗೆ ಬೀಗ ಹಾಕಿದ್ದೆವು. ಧೂಳು ಬೀಳದಿರಲೆಂದು ಅಕ್ಕಂದಿರು ಹೆಣೆದುಕೊಟ್ಟ ಕಸೂತಿಯ ಬಟ್ಟೆಯನ್ನೂ ಮೇಲೆ ಹೊದಿಸಿದ್ದೆವು. ಯಂತ್ರ ತಾನು ಬಿಟ್ಟ ಬಿಸಿ ಉಸಿರನ್ನೇ ಮತ್ತೆ ಮತ್ತೆ ಎಳೆದುಕೊಳ್ಳುತ್ತಿತ್ತು. ಕಾವು ತಿಳಿಯಲು ಎಚ್‌ಡಬ್ಲ್ಯೂಇನ್ಫೋ ಎಂಬ ಉಚಿತ ಪ್ರೋಗ್ರಾಮನ್ನು ಹಾಕಿದೆವು. ಮಧ್ಯಾಹ್ನ ಮೂರು ಗಂಟೆಗೆ, ಕೆಲಸ ಮಾಡುವಾಗ, ಪ್ರೊಸೆಸರು 98 ಡಿಗ್ರಿ ತೋರಿಸಿತು. ಕಪಾಟಿನಿಂದ ಹೊರತೆಗೆದು, ಗೋಡೆಯಿಂದ ಒಂದು ಗೇಣು ದೂರದಲ್ಲಿ, ನೆಲದ ಮೇಲಲ್ಲದೆ ಸ್ಟೂಲಿನ ಮೇಲೆ ಇಟ್ಟೆವು. ಅಷ್ಟಕ್ಕೇ 90ಕ್ಕೆ ಇಳಿಯಿತು. ಕಾಸಿನ ಖರ್ಚಿಲ್ಲ. ಬೀಗದ ಬದಲು ಈಗ ಸರಪಳಿ ಹಾಕಿದ್ದೇವೆ.

ಎರಡನೆಯದು ಧೂಳು. ಪಕ್ಕದ ತಗಡು ತೆಗೆದು ನೋಡಿದರೆ, ಪ್ರೊಸೆಸರಿನ ಮೇಲಿನ ಅಲ್ಯೂಮಿನಿಯಂ ರೆಕ್ಕೆಗಳಿಗೂ ಪಂಖಾಕ್ಕೂ ನಡುವೆ ಕಂಬಳಿಯಂಥ ಒಂದು ಪದರು! ಗಿರಣಿ ಬದಿಯ ಊರಿನ ಗಾಳಿಯಲ್ಲಿ ಹತ್ತಿಯ ಎಳೆ ಇದ್ದೇ ಇರುತ್ತದೆ. ನಮ್ಮ ಅಂಗಿಯಲ್ಲಿಯೂ ಹೊತ್ತು ತಂದಿರುತ್ತೇವೆ. ಪಂಖಾ ತಿರುಗುತ್ತಿತ್ತು, ಆದರೆ ರೆಕ್ಕೆಗಳ ಸಂದಿಗೆ ಗಾಳಿ ಇಳಿಯುತ್ತಿರಲಿಲ್ಲ. ಪಂಖಾ ತಿರುಗುವುದೇ ಬೇರೆ, ಗಾಳಿ ಹರಿಯುವುದೇ ಬೇರೆ.

ಧೂಳು ತೆಗೆಯುವ ಕ್ರಮವನ್ನು ದಯವಿಟ್ಟು ಲಕ್ಷ್ಯವಿಟ್ಟು ಕೇಳಬೇಕು. ಯಂತ್ರ ಆರಿಸಿ, ತಂತಿಯನ್ನು ಗೋಡೆಯಿಂದ ಕಿತ್ತು, ಚಾಲೂ ಮಾಡುವ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಹಿಡಿಯಬೇಕು. ಬಳಿಕ ಪೆಟ್ಟಿಗೆಯ ಬರಿಯ ಲೋಹವನ್ನು ಮುಟ್ಟಬೇಕು. ಒಣ ಹವೆಯಲ್ಲಿ ಮೈಮೇಲೆ ಕೂಡಿದ ವಿದ್ಯುತ್ತು ಒಳಗಿನ ಭಾಗಗಳನ್ನು ಕೆಡಿಸಬಲ್ಲುದು. ಮೆದು ಕುಂಚ, ಕೈಯಿಂದ ಒತ್ತುವ ರಬ್ಬರಿನ ಊದುಬುರುಡೆ ಸಾಕು. ಪಂಖಾಗಳನ್ನು ಬೆರಳಿನಿಂದ ತಡೆದು ಹಿಡಿದೇ ಊದಬೇಕು. ಮಿತಿಮೀರಿ ತಿರುಗಿದರೆ ಅದರ ಬೇರಿಂಗು ಹಾಳಾಗುತ್ತದೆ. ಬಾಯಿಂದ ಊದಬಾರದು, ಉಗುಳಿನ ಹನಿ ಬೀಳುತ್ತದೆ. ನಮ್ಮ ಗೆಳೆಯರೊಬ್ಬರು ಗಿರಣಿಯ ಕಂಪ್ರೆಸರಿನ ಗಾಳಿ ಬಿಟ್ಟರೆ ಕ್ಷಣದಲ್ಲಿ ಆಗುತ್ತದೆಂದರು. ಅದು ಕೂಡದು. ಆ ಗಾಳಿಯಲ್ಲಿ ನೀರು, ಎಣ್ಣೆಯ ಅಂಶವಿರುತ್ತದೆ, ಒತ್ತಡವೂ ಬಹಳ. ಕೊನೆಯದಾಗಿ, ವಿದ್ಯುತ್ತು ಪೂರೈಸುವ ಡಬ್ಬಿಯನ್ನು ಎಂದೂ ಬಿಚ್ಚಬಾರದು. ತಂತಿ ಕಿತ್ತ ಮೇಲೂ ಅದರೊಳಗೆ ಜೀವಕ್ಕೆ ಅಪಾಯವಾಗುವಷ್ಟು ವಿದ್ಯುತ್ತು ಉಳಿದಿರುತ್ತದೆ. ಅದರ ಜಾಲರಿಯ ಹೊರಮೈಯ ಧೂಳು ಒರೆಸಿದರೆ ಸಾಕು.

ಪ್ರೊಸೆಸರಿಗೂ ರೆಕ್ಕೆಗಳಿಗೂ ನಡುವೆ ಕಾವು ಸಾಗಿಸುವ ಒಂದು ಲೇಪವಿರುತ್ತದೆ. ವರ್ಷಗಳಾದ ಮೇಲೆ ಅದು ಸುಣ್ಣದಂತೆ ಒಣಗುತ್ತದೆ. ಹಳೆಯದನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಹೊಸ ಲೇಪವನ್ನು ಬಟಾಣಿ ಕಾಳಿನಷ್ಟು ಮಾತ್ರ ಇಟ್ಟು ಒತ್ತಿ ಕೂರಿಸಬೇಕು. ಇಷ್ಟಾದ ಮೇಲೆ ಅದೇ ಹೊತ್ತಿಗೆ, ಅದೇ ಕೆಲಸಕ್ಕೆ ನೋಡಿದರೆ ಕಾವು 79 ಡಿಗ್ರಿ.

ಮೂರನೆಯ ತಪ್ಪು ನಗೆ ಬರಿಸುವಂಥದು. ಪೆಟ್ಟಿಗೆಯ ಹಿಂದೆ ಒಂದು ಪಂಖಾ ಇತ್ತು, ಮುಂದೆ ಜಾಗ ಖಾಲಿಯಿತ್ತು. ಸದಸ್ಯರಿಂದ ಹತ್ತು ಹತ್ತು ರೂಪಾಯಿ ಕೂಡಿಸಿ 120 ಮಿಲಿಮೀಟರಿನ ಪಂಖಾ ತಂದು ಮುಂದೆ ಕೂರಿಸಿದೆವು. ದೊಡ್ಡ ಪಂಖಾ ನಿಧಾನವಾಗಿ ತಿರುಗಿಯೂ ಸಣ್ಣದರಷ್ಟೇ ಗಾಳಿ ಒಯ್ಯುತ್ತದೆ. ಸದ್ದು ಕಡಿಮೆ, ಓದುವವರಿಗೆ ಅಡ್ಡಿಯಿಲ್ಲ. ಆದರೆ ಕಾವು ಇಳಿಯುವ ಬದಲು 82ಕ್ಕೆ ಏರಿತು! ತಲೆ ಕೆರೆದುಕೊಂಡು ಕುಳಿತೆವು. ಆಗ ಅಲ್ಲಿದ್ದ ಹಿರಿಯರೊಬ್ಬರು ಹೊಗೆ ನೋಡಿ ಎಂದರು. ಊದಿನಕಡ್ಡಿ ಹಚ್ಚಿ ಮುಂದಿನ ಜಾಲರಿಯ ಹತ್ತಿರ ಹಿಡಿದೆವು. ಹೊಗೆ ಒಳಗೆ ಹೋಗದೆ ನಮ್ಮ ಮುಖಕ್ಕೇ ಬಡಿಯಿತು. ಪಂಖಾವನ್ನು ಹಿಂದುಮುಂದಾಗಿ ಕೂರಿಸಿದ್ದೆವು! ಮುಂದಿನದೂ ಹೊರಗೆ ದಬ್ಬುತ್ತಿತ್ತು, ಹಿಂದಿನದೂ ಹೊರಗೆ ದಬ್ಬುತ್ತಿತ್ತು. ಒಳಗೆ ತರುವವರೇ ಇಲ್ಲ. ಸಿಕ್ಕ ಸಿಕ್ಕ ಸಂದಿಯಿಂದ ಧೂಳಿನೊಡನೆ ಗಾಳಿ ನುಸುಳುತ್ತಿತ್ತು.

ನೆನಪಿಡಿರಿ: ಬಹುತೇಕ ಪಂಖಾಗಳಲ್ಲಿ ಚೀಟಿ ಅಂಟಿಸಿದ, ಅಡ್ಡಪಟ್ಟಿಗಳಿರುವ ಬದಿಯಿಂದ ಗಾಳಿ ಹೊರಬೀಳುತ್ತದೆ. ಕೆಲವಕ್ಕೆ ಬದಿಯಲ್ಲಿ ಬಾಣದ ಗುರುತೂ ಇರುತ್ತದೆ. ಸಂಶಯವಿದ್ದರೆ ಊದಿನಕಡ್ಡಿ ಸುಳ್ಳು ಹೇಳುವುದಿಲ್ಲ. ಕಿಡಿ ಮಾತ್ರ ತಾಗದಂತೆ ದೂರ ಹಿಡಿಯಿರಿ. ಪಂಖಾ ತಿರುಗಿಸಿ ಕೂರಿಸಿದೆವು. ಕಾವು 71ಕ್ಕೆ ಬಂತು. ಅಂದು ವಾಚನಾಲಯದಲ್ಲಿ ಚಹಾ ಹಂಚಿದೆವು.

ಇದರ ತತ್ತ್ವ ಹೊಸದೇನೂ ಅಲ್ಲ. ನಮ್ಮ ವಿಜಾಪುರ, ಇಂಡಿ ಕಡೆಯ ಮಾಳಿಗೆ ಮನೆಗಳನ್ನು ನೆನೆಸಿಕೊಳ್ಳಿರಿ. ಒಲೆಯ ಹೊಗೆ ಹೋಗಲು ಮೇಲೆ ಬೆಳಕಿಂಡಿ. ಆದರೆ ತಲೆಬಾಗಿಲು ಮುಚ್ಚಿದರೆ ಬೆಳಕಿಂಡಿ ತೆರೆದಿದ್ದರೂ ಹೊಗೆ ಮನೆಯಲ್ಲೇ ಸುತ್ತುತ್ತದೆ. ಗಿರಣಿಯಲ್ಲೂ ಹಾಗೆಯೇ. ಮೇಲಿನ ಕೊಳವೆಯಿಂದ ತಂಪು ಗಾಳಿ ಬರುತ್ತದೆ, ನೆಲದ ಕೆಳಗಿನ ಕಾಲುವೆಯಿಂದ ಹತ್ತಿಯ ಎಳೆ ಹೊತ್ತ ಗಾಳಿ ಹಿಂದಿರುಗಿ ಜಾಲರಿಯಲ್ಲಿ ಸೋಸಿಕೊಳ್ಳುತ್ತದೆ. ಬರುವ ದಾರಿ ಒಂದು, ಹೋಗುವ ದಾರಿ ಒಂದು, ನಡುವೆ ಅಡ್ಡಿಯಿಲ್ಲ. ಕಂಪ್ಯೂಟರಿನಲ್ಲಿ ಮುಂದಿನಿಂದ ಅಥವಾ ಕೆಳಗಿನಿಂದ ತಂಪು ಗಾಳಿ ಒಳಗೆ, ಹಿಂದಿನಿಂದ ಮತ್ತು ಮೇಲಿನಿಂದ ಬಿಸಿ ಗಾಳಿ ಹೊರಗೆ. ಬಿಸಿ ಗಾಳಿ ತಾನಾಗಿ ಮೇಲೇರುವುದು ನಿಜ, ಆದರೆ ಪಂಖಾದ ಬಲದ ಮುಂದೆ ಆ ಬಲ ಅಲ್ಪ. ಆದುದರಿಂದ ಪಂಖಾಗಳು ಒಂದಕ್ಕೊಂದು ಎದುರಾಗಿ ಜಗಳವಾಡದಂತೆ ನೋಡಿಕೊಳ್ಳುವುದು ಮುಖ್ಯ.

ಒಳಗೆ ಬರುವ ಗಾಳಿ ಹೊರಗೆ ಹೋಗುವುದಕ್ಕಿಂತ ತುಸು ಹೆಚ್ಚಾಗಿದ್ದರೆ ಒಳ್ಳೆಯದು. ಆಗ ಸಂದಿಗಳಿಂದ ಗಾಳಿ ಹೊರಕ್ಕೆ ನುಸುಳುತ್ತದೆಯೇ ಹೊರತು ಧೂಳು ಒಳಕ್ಕೆ ಬರುವುದಿಲ್ಲ. ಬರುವ ದಾರಿಯಲ್ಲಿ ಒಂದೇ ಕಡೆ ಜಾಲರಿ ಕಟ್ಟಿದರೆ ಸಾಕು. ನಾವು ಸೊಳ್ಳೆಪರದೆಯ ತುಂಡು ಕಟ್ಟಿದ್ದೇವೆ. ಹತ್ತಿಯ ಎಳೆ ಅದರಲ್ಲಿ ನಿಲ್ಲುತ್ತದೆ. ವಾರಕ್ಕೊಮ್ಮೆ ತೊಳೆದು ಒಣಗಿಸಿ ಕಟ್ಟುತ್ತೇವೆ. ದಪ್ಪ ಬಟ್ಟೆ ಕಟ್ಟಿದರೆ ಗಾಳಿಯೇ ನಿಂತುಹೋಗುತ್ತದೆ. ಒಳಗಿನ ತಂತಿಗಳನ್ನು ಒಂದು ಬದಿಗೆ ಸರಿಸಿ ಕಟ್ಟಿ, ನಡುವಿನ ದಾರಿ ಖಾಲಿ ಬಿಡಬೇಕು. ಹಿಂಬದಿಯಲ್ಲಿ ಕಳಚಿಬಿದ್ದ ತಗಡಿನ ಪಟ್ಟಿಗಳನ್ನು ಮತ್ತೆ ಕೂರಿಸಬೇಕು. ಇಲ್ಲದಿದ್ದರೆ ಗಾಳಿ ಅಡ್ಡದಾರಿ ಹಿಡಿಯುತ್ತದೆ.

ಕೆಲವರು ಪಕ್ಕದ ತಗಡನ್ನೇ ತೆಗೆದಿಟ್ಟು ಮೇಜಿನ ಪಂಖಾ ಹಚ್ಚುತ್ತಾರೆ. ನಾವೂ ಎರಡು ದಿನ ಮಾಡಿದೆವು. ಕಾವು ಇಳಿಯಿತು, ನಿಜ. ಆದರೆ ಎರಡೇ ದಿನಕ್ಕೆ ಧೂಳು ತುಂಬಿತು, ಒಂದು ಹಲ್ಲಿ ಸಹ ಒಳಗೆ ಮನೆ ಮಾಡಲು ನೋಡಿತು. ಮಕ್ಕಳು ಬೆರಳಿಟ್ಟಾರೆಂಬ ಭಯ ಬೇರೆ. ತುರ್ತಿಗೆ ಸರಿ, ನಿತ್ಯಕ್ಕೆ ಸಲ್ಲದು.

ಒಂದು ಮಾತು ಮರೆಯಬಾರದು. ಎಷ್ಟು ಪಂಖಾ ಹಚ್ಚಿದರೂ ಪೆಟ್ಟಿಗೆಯ ಒಳಗು ಕೋಣೆಗಿಂತ ತಂಪಾಗದು. ಕೋಣೆ ಒಂದು ಡಿಗ್ರಿ ಏರಿದರೆ ಯಂತ್ರವೂ ಹೆಚ್ಚುಕಡಿಮೆ ಒಂದು ಡಿಗ್ರಿ ಏರುತ್ತದೆ. ಆದುದರಿಂದ ಬೇಸಿಗೆಯ ಮಧ್ಯಾಹ್ನ ಪಶ್ಚಿಮದ ಕಿಟಕಿಗೆ ಪರದೆ ಎಳೆಯುವುದು, ಬಿಸಿಲು ಬೀಳದ ಮೂಲೆಯಲ್ಲಿ ಪೆಟ್ಟಿಗೆ ಇಡುವುದು ಕೂಡ ಯಂತ್ರದ ಸೇವೆಯೇ.

ಈಗ ವಾಚನಾಲಯದ ಗೋಡೆಗೆ ಒಂದು ಕಾಗದ ತೂಗುಹಾಕಿದ್ದೇವೆ. ತಿಂಗಳ ಮೊದಲ ಭಾನುವಾರ ಕಾವನ್ನು ನೋಡಿ ಅದರಲ್ಲಿ ಬರೆಯುತ್ತೇವೆ. ಕೋಣೆಯ ಬಿಸಿ ಅಷ್ಟೇ ಇದ್ದು ಯಂತ್ರದ್ದು ಹತ್ತು ಡಿಗ್ರಿ ಏರಿದ್ದರೆ ಕುಂಚ ಹಿಡಿಯುವ ಸಮಯ ಬಂತೆಂದು ಅರ್ಥ. ಹಾಜರಿ ಪುಸ್ತಕ ಬರೆಯುವವರಿಗೆ ಇದೇನು ಭಾರವಲ್ಲ. ಆದರೆ ನಾವು ಪಾಳಿಗೆ ಹೋದ ದಿನ ನೋಡುವವರು ಬೇಕು. ಯುವಕರು, ಅಕ್ಕತಂಗಿಯರು ಇಬ್ಬರು ಮುಂದೆ ಬಂದರೆ ಈ ಕೆಲಸವನ್ನು ಒಂದೇ ಮಧ್ಯಾಹ್ನದಲ್ಲಿ ಕಲಿಸಿಕೊಡುತ್ತೇವೆ.

ಆ ಮಗ್ಗದ ಬಂಧುಗಳು ಮುಂದಿನ ಬೇಸಿಗೆಯಲ್ಲಿ ಮತ್ತೆ ಬಂದರು, ಈ ಸಲ ಕಿರಿಯ ಮಗನ ಅರ್ಜಿಗೆ. ಕೂರುವ ಮುಂಚೆ ಪೆಟ್ಟಿಗೆಯ ಕಡೆ ನೋಡಿ, "ಈಗ ಆರೂದಿಲ್ಲೇನ್ರೀ?" ಎಂದು ಕೇಳಿದರು. ಅರ್ಜಿ ಒಂದೇ ಸಲಕ್ಕೆ ಮುಗಿಯಿತು. ಅವರು ಆ ದಿನ ಪಾಳಿ ತಪ್ಪಿಸಲಿಲ್ಲ. ಬಡವರ ಒಂದು ದಿನದ ಕೂಲಿ ಉಳಿಯುವುದು ಧೂಳಿನ ಒಂದು ಪದರಿನ ಮೇಲೆ ನಿಂತಿರುತ್ತದೆ ಎಂಬುದನ್ನು ನಾವು ಹೀಗೆ ಕಲಿತೆವು.