ಹಬ್ಬ-ಮದುವೆಗೆ ಮನೆಯಲ್ಲೇ ಅಲಂಕಾರ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಏರ್ಪಡಿಸಿದ್ದ ಮಹಿಳಾ ಗೋಷ್ಠಿಯಲ್ಲಿ ಸದಸ್ಯೆಯೊಬ್ಬರು ಮಾಡಿದ ಭಾಷಣ)



ನನಗೆ ಮೈಕಿನ ಮುಂದೆ ನಿಂತು ಮಾತಾಡಿ ಅಭ್ಯಾಸವಿಲ್ಲ. ಸಾಲದ ಕಂತು ಕಟ್ಟಲು, ಗೊಬ್ಬರ ಒಯ್ಯಲು ಈ ಕಟ್ಟಡಕ್ಕೆ ಎಷ್ಟೋ ಸಲ ಬಂದಿದ್ದೇನೆ, ಭಾಷಣಕ್ಕೆ ಬಂದಿದ್ದು ಇದೇ ಮೊದಲು. "ಮನೆಯಲ್ಲೇ ಮಾಡಬಹುದಾದ ಅಲಂಕಾರದ ಬಗ್ಗೆ ನಾಲ್ಕು ಮಾತು ಹೇಳಿ" ಎಂದು ಅಧ್ಯಕ್ಷರು ಕೇಳಿಕೊಂಡಾಗ ಇಲ್ಲ ಅನ್ನಲು ಆಗಲಿಲ್ಲ. ತಪ್ಪಿದ್ದರೆ ದೊಡ್ಡವರು ಮನ್ನಿಸಬೇಕು.

ಮೊದಲು ನನ್ನದೇ ಒಂದು ದಡ್ಡತನ ಹೇಳಿಬಿಡುತ್ತೇನೆ. 2014ರಲ್ಲಿ ನಮ್ಮ ದೊಡ್ಡ ಮಗಳ ಮದುವೆ. ಎಲ್ಲರ ಮನೆಯಲ್ಲೂ ಪೇಟೆಯಿಂದ ಮಂಟಪ ತರಿಸ್ತಾರೆ, ನಮ್ಮಲ್ಲೂ ಆಗಬೇಕು ಅಂತ ಹಟ ಹಿಡಿದೆ. ಥರ್ಮಾಕೋಲಿನ ಕಂಬ, ಥರ್ಮಾಕೋಲಿನ ನವಿಲು, ಪ್ಲಾಸ್ಟಿಕ್ ಹೂವು, ಎಲ್ಲಾ ಸೇರಿ 22,000 ರೂಪಾಯಿ. ಕೈಯಲ್ಲಿ ಅಷ್ಟು ದುಡ್ಡು ಇರಲಿಲ್ಲ. ಬಳೆ ತಂದು ಇದೇ ಸಂಘದಲ್ಲಿ ಒತ್ತೆ ಇಟ್ಟೆ. "ಯಾತಕ್ಕಮ್ಮ ಸಾಲ?" ಅಂತ ಕೇಳಿದಾಗ ಥರ್ಮಾಕೋಲಿಗೆ ಅನ್ನಲು ನಾಚಿಕೆಯಾಗಿ "ಮದುವೆ ಖರ್ಚಿಗೆ" ಅಂದೆ. ಆ ಬಳೆ ಬಿಡಿಸಿಕೊಳ್ಳಲು ಒಂದೂವರೆ ವರ್ಷ ಬೇಕಾಯಿತು. ಮಂಟಪ ನಿಂತಿದ್ದು ಒಂದೇ ದಿನ. ಮರುದಿನ ಮುರಿದ ನವಿಲು ಕೆರೆ ಏರಿ ಮೇಲೆ ಬಿದ್ದಿತ್ತು. ಮಳೆಗಾಲದಲ್ಲಿ ಅದರ ಬಿಳಿ ಕಾಳು ನಮ್ಮದೇ ಗದ್ದೆಗೆ ಬಂದು ನಿಂತವು.

ದುಡ್ಡಿನ ಕಥೆ ಹಾಗಿರಲಿ. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ನಮ್ಮ ಮನೆಯಲ್ಲಿ ಮದುವೆ ಅಂದರೆ ಹಸೆಗೋಡೆಯ ಮೇಲೆ ಚಿತ್ತಾರ ಬರೆಯಬೇಕು, ಅದರ ಮುಂದೆ ಮದುಮಕ್ಕಳು ಕೂರಬೇಕು. ಸಾಗರ, ಸೊರಬದ ಕಡೆ ನಮ್ಮ ದೀವರ ಮನೆಗಳಲ್ಲಿ ಇದು ಹೆಂಗಸರ ಕೈಯಿಂದ ಕೈಗೆ ಬಂದ ವಿದ್ಯೆ. ನಮ್ಮತ್ತೆ ಅದರಲ್ಲಿ ಎತ್ತಿದ ಕೈ. ಸುತ್ತಲಿನ ಊರಿನವರು ಎಲೆ ಅಡಿಕೆ ಕೊಟ್ಟು ಕರೆದುಕೊಂಡು ಹೋಗುತ್ತಿದ್ದರು. ಆ ಮದುವೆಯಲ್ಲಿ ನಾನು ಏನು ಮಾಡಿದೆ ಗೊತ್ತೇ? ಫ್ಲೆಕ್ಸಿನಲ್ಲಿ ಅಚ್ಚು ಹಾಕಿಸಿದ ಚಿತ್ತಾರ ತಂದು ಗೋಡೆಗೆ ಹೊಡೆಸಿದೆ. ಅತ್ತೆ ಒಂದು ಮಾತೂ ಆಡಲಿಲ್ಲ. ನೆನೆಸಿಟ್ಟಿದ್ದ ಅಕ್ಕಿಯನ್ನು ಬಸಿದು ಕೋಳಿಗೆ ಹಾಕಿ ಬಂದು ಜಗಲಿಯ ಮೂಲೆಯಲ್ಲಿ ಕೂತರು. ಅದು ನನ್ನ ಕಣ್ಣಿಗೆ ಬಿದ್ದಿತ್ತು, ಆದರೆ ಬುದ್ಧಿಗೆ ಹೊಳೆಯಲಿಲ್ಲ.

2019ರಲ್ಲಿ ಎರಡನೇ ಮಗಳ ಮದುವೆ ಗೊತ್ತಾಯಿತು. ಅವಳು ಖಡಾಖಂಡಿತ ಹೇಳಿದಳು, "ಅಮ್ಮ, ನನಗೆ ಫ್ಲೆಕ್ಸ್ ಬೇಡ. ಅಜ್ಜಿ ಬರೆದರೆ ಮಾತ್ರ ಹಸೆಗೆ ಕೂರ್ತೀನಿ." ಅತ್ತೆಗೆ ಆಗ ಎಂಬತ್ತು ದಾಟಿತ್ತು. "ಕೈ ನಡುಗ್ತದೆ ಕೂಸೆ, ಎಳೆ ನೆಟ್ಟಗೆ ಬರಲ್ಲ" ಅಂದರು. ಕಡೆಗೆ ಅವರು ಕುರ್ಚಿಯ ಮೇಲೆ ಕೂತು ಹೇಳುವುದು, ಹುಡುಗಿಯರು ಬರೆಯುವುದು ಎಂದಾಯಿತು. ನಾಲ್ಕು ದಿನ ಹಿಡಿಯಿತು. ಆ ನಾಲ್ಕು ದಿನದಲ್ಲಿ ನಾನು ಕಲಿತದ್ದನ್ನೇ ಈಗ ನಿಮ್ಮ ಮುಂದೆ ಇಡುತ್ತೇನೆ. ಬೇಕಾದವರು ಬರೆದುಕೊಳ್ಳಿ.

ಚಿತ್ತಾರದ ಬಣ್ಣ: ಇದಕ್ಕೆ ಅಂಗಡಿಗೆ ಹೋಗಬೇಕಾಗಿಲ್ಲ. ಗೋಡೆಯನ್ನು ಸಗಣಿಯಿಂದ ಸಾರಿಸಿ, ಒಣಗಿದ ಮೇಲೆ ಜರಡಿ ಹಿಡಿದ ಕೆಮ್ಮಣ್ಣನ್ನು ಎರಡು ಸಲ ಬಳಿಯಬೇಕು. ಬಿಳಿ ಬಣ್ಣಕ್ಕೆ ಅಕ್ಕಿಯನ್ನು ಮೂರು ನಾಲ್ಕು ಗಂಟೆ ನೆನೆಸಿ, ನುಣ್ಣಗೆ ರುಬ್ಬಿ, ಬಟ್ಟೆಯಲ್ಲಿ ಸೋಸಬೇಕು. ನುಚ್ಚಾದರೂ ನಡೆಯುತ್ತದೆ. ಹಿಟ್ಟು ದೋಸೆ ಹಿಟ್ಟಿಗಿಂತ ತೆಳ್ಳಗಿರಬೇಕು. ದಪ್ಪವಾದರೆ ಒಣಗಿದ ಮೇಲೆ ಉದುರುತ್ತದೆ. ಕಪ್ಪಿಗೆ ಅಕ್ಕಿಯನ್ನು ಕರಿ ಆಗುವ ತನಕ ಹುರಿದು ಅರೆಯುವುದು. ಹಳದಿಗೆ ಗುರಿಗೆ ಕಾಯಿ. ಕುಂಚ ಎಂದರೆ ಪುಂಡಿ ನಾರು. ತುದಿ ಜಜ್ಜಿ ಮೆತ್ತಗೆ ಮಾಡಿಕೊಂಡರೆ ಸಣ್ಣ ಎಳೆಯೂ ಚೆನ್ನಾಗಿ ಬರುತ್ತದೆ. ಮೊದಲು ಚೌಕದ ಹೊರಗೆರೆ, ಆಮೇಲೆ ಒಳಗಿನ ಎಳೆಗಳು, ಕೊನೆಗೆ ಮದುಮಕ್ಕಳ ಗೊಂಬೆ, ದಂಡಿಗೆ, ಹಕ್ಕಿ. ಕೈ ಅಲ್ಲಾಡಿದರೆ ಹೆದರಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಜಾಗಕ್ಕೆ ಕೆಮ್ಮಣ್ಣು ಮುಟ್ಟಿಸಿ ಮತ್ತೆ ಎಳೆಯಿರಿ.

"ನಮ್ಮದು ಸಿಮೆಂಟ್ ಗೋಡೆ, ಪೇಂಟ್ ಹೊಡೆಸಿದ್ದೀವಿ" ಅನ್ನುವವರೇ ಈಗ ಜಾಸ್ತಿ. ಅಂಥವರು ಒಂದು ಪ್ಲೈವುಡ್ ಹಲಗೆ ತೆಗೆದುಕೊಳ್ಳಿ. ಕೆಮ್ಮಣ್ಣಿಗೆ ಸ್ವಲ್ಪ ಫೆವಿಕಾಲ್ ಕಲಸಿ ಬಳಿದರೆ ಹಿಡಿದುಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ಬಟ್ಟೆ ಸುತ್ತಿ ಅಟ್ಟದ ಮೇಲೆ ಇಟ್ಟರೆ ಮುಂದಿನ ಮದುವೆಗೂ ಆಯಿತು. ಭೂಮಿ ಹುಣ್ಣಿಮೆಗೆ ಬುಟ್ಟಿ ಬರೆಯುವುದೂ ಇದೇ ಕೈಚಳಕ. ಕಲಿಯುವ ಹುಡುಗಿಯರು ಮೊದಲು ಸಣ್ಣ ಬುಟ್ಟಿಯಲ್ಲಿ ಕೈ ಪಳಗಿಸಿಕೊಳ್ಳುವುದು ಒಳ್ಳೆಯದು.

ಮಂಟಪ: ನಾಲ್ಕು ಬಾಳೆಕಂಬ, ಅಡಿಕೆ ದಬ್ಬೆಯ ಚೌಕಟ್ಟು ಸಾಕು. ಹಿಂದಿನ ಪರದೆಗೆ ಮನೆಯಲ್ಲಿರುವ ರೇಷ್ಮೆ ಸೀರೆಗಳೇ ಆದವು. ಸೀರೆಗೆ ಪಿನ್ನು ಚುಚ್ಚಬೇಡಿ, ಬಟ್ಟೆ ಒಣಗಿಸುವ ಕ್ಲಿಪ್ಪು ಹಾಕಿ ಹಗ್ಗಕ್ಕೆ ನೆರಿಗೆ ಹಿಡಿಯಿರಿ. ದೀಪವನ್ನು ಮಾತ್ರ ಸೀರೆಯಿಂದ ದೂರ ಇಡಬೇಕು, ಇದನ್ನು ಮರೆಯಬಾರದು. ನಾಲ್ಕು ಮೂಲೆಗೆ ಸಿಂಗಾರ ಕಟ್ಟಿದರೆ ಅದರ ಮುಂದೆ ಯಾವ ಪ್ಲಾಸ್ಟಿಕ್ ಹೂವೂ ನಿಲ್ಲಲ್ಲ. ಆದರೆ ಒಂದು ಸಿಂಗಾರ ಕೊಯ್ದರೆ ಒಂದು ಗೊನೆ ಅಡಿಕೆ ಹೋಯಿತು ಅಂತಲೇ ಲೆಕ್ಕ. ಅದಕ್ಕೇ ನಮ್ಮನೆಯವರು ನಾಲ್ಕಕ್ಕಿಂತ ಐದನೆಯದು ಕೊಯ್ಯಲು ಬಿಡಲಿಲ್ಲ!

ತೋರಣ: ಮಾವಿನ ಎಲೆ ಬಲಿತದ್ದಿರಬೇಕು. ಎಳೆ ಎಲೆ ಮಧ್ಯಾಹ್ನಕ್ಕೇ ಬಾಡುತ್ತದೆ. ಬೆಳಗ್ಗೆ ಕೊಯ್ದು ಅರ್ಧ ಗಂಟೆ ನೀರಿನಲ್ಲಿ ಹಾಕಿ, ಕಟ್ಟುವ ತನಕ ಒದ್ದೆ ಗೋಣಿಯ ಕೆಳಗಿಡಿ. ನೈಲಾನ್ ದಾರದ ಬದಲು ಬಾಳೆನಾರು ನೆನೆಸಿ ಹೊಸೆದುಕೊಂಡರೆ ಗಂಟು ಜಾರುವುದಿಲ್ಲ, ಹಬ್ಬ ಮುಗಿದ ಮೇಲೆ ಎಲ್ಲಾ ಗೊಬ್ಬರದ ಗುಂಡಿಗೆ. ತೆಂಗಿನ ಎಳೆ ಗರಿಯಲ್ಲಿ ಗಿಳಿ ಮಾಡುವುದು ಮಕ್ಕಳಿಗೆ ಬಹಳ ಇಷ್ಟ, ಅವರನ್ನೇ ಕೂರಿಸಿ. ಕೈಗೆ ಕೆಲಸ ಕೊಟ್ಟರೆ ಅಡಿಗೆಮನೆಗೆ ನುಗ್ಗುವುದೂ ತಪ್ಪುತ್ತದೆ.

ಅಡಿಕೆ ಹಾಳೆ: ಬಿದ್ದ ದಿನವೇ ಹೆಕ್ಕಿ ತೊಳೆಯಬೇಕು. ಸ್ವಲ್ಪ ಹೊತ್ತು ನೀರಿನಲ್ಲಿ ನೆನೆಸಿದರೆ ಮೆತ್ತಗಾಗುತ್ತದೆ. ಆಗ ಬೇಕಾದ ಹಾಗೆ ಮಡಚಿ, ಹಿಡಿಕಡ್ಡಿ ಚುಚ್ಚಿ, ಮೇಲೆ ಕಲ್ಲು ಹೇರಿ ಒಣಗಿಸಿ. ಅರಿಶಿನ ಕುಂಕುಮದ ತಟ್ಟೆ, ತಾಂಬೂಲದ ಬುಟ್ಟಿ, ಹೂವಿನ ಪೊಟ್ಟಣ ಎಲ್ಲಾ ಆಗುತ್ತದೆ. ಮೇಲೆ ಅಕ್ಕಿಹಿಟ್ಟಿನಲ್ಲಿ ನಾಲ್ಕು ಎಳೆ ಬರೆದರೆ ನೆಂಟರು ಮನೆಗೆ ಒಯ್ದು ಇಟ್ಟುಕೊಳ್ಳುತ್ತಾರೆ. ಮಳೆಗಾಲದಲ್ಲಿ ಮಾತ್ರ ಮಾಡಬೇಡಿ, ಬೂಸ್ಟು ಹಿಡಿಯುತ್ತದೆ. ಬೇಸಿಗೆಯಲ್ಲೇ ಒಣಗಿಸಿ ಕಟ್ಟಿ ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ಗೌರಿ ಹಬ್ಬಕ್ಕೆ ಸಿಗುತ್ತದೆ.

ಕೌದಿ: ಹಳೆ ನೂಲಿನ ಸೀರೆ, ಪಂಚೆಯನ್ನು ಎಸೆಯಬೇಡಿ. ನಾಲ್ಕೈದು ಪದರ ಹಾಸಿ, ಮೇಲೆ ಬಣ್ಣದ ತುಂಡು ಇಟ್ಟು, ಅಂಚಿನಿಂದ ಒಳಕ್ಕೆ ಸಣ್ಣ ಹೊಲಿಗೆ ಹಾಕುತ್ತಾ ಬಂದರೆ ಕೌದಿ ಆಯಿತು. ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಹೆಂಗಸರು ಹೊಲಿಯುವ ಕೌದಿ ಹೊರದೇಶದ ಪ್ರದರ್ಶನಕ್ಕೂ ಹೋಗಿದೆ. ಮಗಳಿಗೆ ಬಾಣಂತನಕ್ಕೆ ಕೊಡಲು ಇದಕ್ಕಿಂತ ಬೆಚ್ಚನೆಯದು ಯಾವುದಿದೆ?

ನಮ್ಮ ಎರಡನೇ ಮದುವೆಯ ಅಲಂಕಾರಕ್ಕೆ ಕೈಯಿಂದ ಹೋಗಿದ್ದು 1,900 ರೂಪಾಯಿ. ಅದೂ ಹೆಚ್ಚಿನ ಪಾಲು ಸೇವಂತಿಗೆ ಹೂವಿಗೆ. ಬಳೆ ಕೈಯಲ್ಲೇ ಉಳಿಯಿತು. ಕೇರಿಯ ಹನ್ನೊಂದು ಜನ ಹೆಂಗಸರು ಬಂದು ಕೆಲಸ ಮಾಡಿಕೊಟ್ಟರು. ಅವರ ಮನೆಯ ಕೆಲಸಕ್ಕೆ ನಾನೂ ಹೋಗಿದ್ದೇನೆ. ಇದಕ್ಕೆ ನಾವು ಮುಯ್ಯಾಳು ಅಂತೀವಿ, ಓದಿದವರು ಸಹಕಾರ ಅಂತಾರೆ. 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು, ದೇಶದ ಮೊದಮೊದಲ ಸಹಕಾರ ಸಂಘಗಳಲ್ಲಿ ಅದೂ ಒಂದು ಅಂತ ನಮ್ಮ ಅಧ್ಯಕ್ಷರು ಪ್ರತಿ ಸಭೆಯಲ್ಲೂ ಹೇಳುತ್ತಾರೆ. ಬಡ್ಡಿಯ ಬಾಯಿಂದ ರೈತರನ್ನು ಬಿಡಿಸಲು ಹುಟ್ಟಿದ ಸಂಘದಿಂದ ನಾನು ಥರ್ಮಾಕೋಲಿಗೆ ಸಾಲ ಎತ್ತಿದೆನಲ್ಲ ಅಂತ ಈಗ ನನಗೇ ನಗು ಬರುತ್ತದೆ.

ಕಾನೂನಿನ ಮಾತೂ ಒಂದಿದೆ. ನಮ್ಮ ರಾಜ್ಯದಲ್ಲಿ 2016ರಲ್ಲೇ ಪ್ಲಾಸ್ಟಿಕ್ಕಿನ ಫ್ಲೆಕ್ಸು, ತಟ್ಟೆ, ಚೀಲ ನಿಷೇಧವಾಗಿದೆ. 2022ರ ಜುಲೈ 1ರಿಂದ ಅಲಂಕಾರದ ಥರ್ಮಾಕೋಲ್ ಇಡೀ ದೇಶದಲ್ಲೇ ನಿಷಿದ್ಧ. ಆದರೂ ಕದ್ದು ಮುಚ್ಚಿ ಬರುತ್ತಲೇ ಇದೆ. ನಾವು ಬೇಡ ಅಂದರೆ ತಾನೇ ನಿಲ್ಲುವುದು?

ಕೊನೆಯದಾಗಿ ಆಡಳಿತ ಮಂಡಳಿಗೆ ಎರಡು ಬೇಡಿಕೆ. ಒಂದು, ಸಂಘದ ವತಿಯಿಂದ ಮರದ ಮಂಟಪದ ಚೌಕಟ್ಟು, ನಾಲ್ಕು ಹಸೆ ಹಲಗೆ, ಹಿತ್ತಾಳೆ ದೀಪ ಮಾಡಿಸಿಟ್ಟು ಸದಸ್ಯರಿಗೆ ಅಲ್ಪ ಬಾಡಿಗೆಗೆ ಕೊಡಬೇಕು. ಮುರಿದರೆ ಮುರಿದವರೇ ಸರಿಮಾಡಿಸಿ ಕೊಡಲಿ. ಎರಡು, ಪ್ರತಿ ವರ್ಷ ಭೂಮಿ ಹುಣ್ಣಿಮೆಯ ಹಿಂದಿನ ಭಾನುವಾರ ಇದೇ ಸಭಾಭವನದಲ್ಲಿ ಶಾಲೆ ಮಕ್ಕಳಿಗೆ ಬುಟ್ಟಿ ಬರೆಯಲು ಕಲಿಸಬೇಕು. ಅಕ್ಕಿ, ಕೆಮ್ಮಣ್ಣು ನಾವು ಹೆಂಗಸರು ತರುತ್ತೇವೆ, ಜಾಗ ನೀವು ಕೊಡಿ. ಗಂಡುಮಕ್ಕಳೂ ಬರಲಿ.

ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಆ ಮದುವೆಯಾದ ಎರಡನೇ ವರ್ಷಕ್ಕೆ ನಮ್ಮತ್ತೆ ತೀರಿಕೊಂಡರು. ಅವರಿಗೆ ಬರುತ್ತಿದ್ದ ಚಿತ್ತಾರಗಳಲ್ಲಿ ನಮ್ಮ ಹುಡುಗಿಯರು ಕಲಿತದ್ದು ಮೂರು ಮಾತ್ರ. ಉಳಿದವು ಅವರ ಜೊತೆಗೇ ಹೋದವು. 2014ರಲ್ಲೇ ನಾನು ಆ ಅಕ್ಕಿಯನ್ನು ಕೋಳಿಗೆ ಹಾಕಲು ಬಿಡದೆ ಇದ್ದಿದ್ದರೆ ಇನ್ನೂ ನಾಲ್ಕು ಉಳಿಯುತ್ತಿದ್ದವೋ ಏನೋ. ನಿಮ್ಮ ಮನೆಯಲ್ಲಿ ಬಲ್ಲ ಹಿರಿಯರು ಇದ್ದರೆ ಈ ಹಬ್ಬಕ್ಕೇ ಅವರನ್ನು ಕುರ್ಚಿಯ ಮೇಲೆ ಕೂರಿಸಿ, ಪುಂಡಿ ನಾರು ಮಕ್ಕಳ ಕೈಗೆ ಕೊಡಿ.