ರಷ್ಯಾ ದೇಶದಲ್ಲಿ ನಮ್ಮ ವಿದ್ಯಾರ್ಥಿಗಳು

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಗಡಿನಾಡಿನ ಕನ್ನಡ ಸಂಘದ ವೇದಿಕೆಯಲ್ಲಿ ರಷ್ಯಾ ದೇಶದ ಮಾತೇತಕ್ಕೆ ಎಂದು ತಮ್ಮಲ್ಲಿ ಕೆಲವರು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ವೈದ್ಯಶಿಕ್ಷಣಕ್ಕಾಗಿ ಮಕ್ಕಳನ್ನು ಆ ದೇಶಕ್ಕೆ ಕಳುಹಿಸಬಹುದೇ ಎಂಬ ಪ್ರಶ್ನೆ ಈಗ ನಮ್ಮ ತಾಳವಾಡಿಯ ಜಗುಲಿಗಳ ಮೇಲೂ ಬಂದು ಕುಳಿತಿದೆ. ಹೊಲವನ್ನು ಒತ್ತೆಯಿಟ್ಟಾದರೂ ಮಗನನ್ನು ವೈದ್ಯನನ್ನಾಗಿ ಮಾಡಬೇಕೆಂಬ ಆಸೆಯ ತಂದೆಯೊಬ್ಬರು ನಮ್ಮ ಬಳಿಗೆ ಬಂದು ಸಲಹೆ ಕೇಳಿದರು. ನಾವಾದರೋ ಕನ್ನಡ ಪಂಡಿತರು. ವೈದ್ಯವನ್ನು ಬಲ್ಲವರಲ್ಲ, ರಷ್ಯಾವನ್ನು ಕಂಡವರೂ ಅಲ್ಲ. ನಮ್ಮಲ್ಲಿ ಓದಿ, ಈಗ ವೋಲ್ಗಾ ನದಿಯ ದಡದ ಪಟ್ಟಣವೊಂದರಲ್ಲಿ ವೈದ್ಯವ್ಯಾಸಂಗ ಮಾಡುತ್ತಿರುವ ಹುಡುಗನೊಬ್ಬನು ಫೋನಿನಲ್ಲಿ ಆಗಾಗ ತಿಳಿಸಿದುದನ್ನೂ ನಾವು ಓದಿ ತಿಳಿದುದನ್ನೂ ಕೂಡಿಸಿ, ತಮ್ಮ ಮುಂದೆ ಎರಡು ಮಾತು ಅರಿಕೆ ಮಾಡಿಕೊಳ್ಳುವೆವು.

ಈ ಹಾದಿ ಹೊಸದಲ್ಲ. ೧೫ನೆಯ ಶತಮಾನದಲ್ಲಿ ಅಫನಾಸಿ ನಿಕಿತಿನ್ ಎಂಬ ವರ್ತಕನು ವೋಲ್ಗಾ ತೀರದ ತ್ವೇರ್ ಪಟ್ಟಣದಿಂದ ಹೊರಟು, ಪಾರಸಿಕ ದೇಶವನ್ನು ಹಾದು, ಕಡಲು ದಾಟಿ, ನಮ್ಮ ಬೀದರಿಗೆ ಬಂದಿದ್ದನು. ಮಾರಲೆಂದು ಒಂದು ಕುದುರೆಯನ್ನು ತಂದಿದ್ದನು. ಬಹಮನಿ ಸುಲ್ತಾನರ ಆ ರಾಜಧಾನಿಯ ವೈಭವವನ್ನು ತನ್ನ ಪ್ರವಾಸಕಥನದಲ್ಲಿ ಬರೆದಿಟ್ಟಿದ್ದಾನೆ. ಪರದೇಶದಲ್ಲಿ ತನ್ನ ಧರ್ಮದ ಹಬ್ಬ, ಉಪವಾಸಗಳ ದಿನಗಳೇ ಲೆಕ್ಕ ತಪ್ಪಿಹೋದುವೆಂದು ಹಲುಬಿಯೂ ಇದ್ದಾನೆ. ಮರಳುವಾಗ ಊರು ಮುಟ್ಟುವ ಮೊದಲೇ ತೀರಿಕೊಂಡನು. ಇಂದು ಅದೇ ತ್ವೇರ್ ಪಟ್ಟಣದ ವೈದ್ಯಕೀಯ ವಿಶ್ವವಿದ್ಯಾಲಯದಲ್ಲಿ ಭಾರತದ ಮಕ್ಕಳು ಓದುತ್ತಿದ್ದಾರೆ. ಯುಗಾದಿ ಎಂದು ಬಂತೆಂಬುದನ್ನು ತಾಯಿಯನ್ನು ಕೇಳಿ ತಿಳಿಯುವ ನಮ್ಮ ಹುಡುಗನ ಪಾಡನ್ನು ಆ ವರ್ತಕನು ಐದು ಶತಮಾನಗಳ ಹಿಂದೆಯೇ ಅನುಭವಿಸಿದ್ದನು.

ಅಲ್ಲಿಯ ದಿನಚರಿ ಎಂತಹುದು? ಡಿಸೆಂಬರಿನಲ್ಲಿ ಸೂರ್ಯನು ಮೂಡುವುದು ಒಂಬತ್ತು ಗಂಟೆಯ ಸುಮಾರಿಗೆ, ಮುಳುಗುವುದು ನಾಲ್ಕಕ್ಕೆ. ಕತ್ತಲಲ್ಲಿ ಪಾಠಕ್ಕೆ ಹೋಗಿ ಕತ್ತಲಲ್ಲಿಯೇ ಮರಳಬೇಕು. ನಮ್ಮ ಬೆಟ್ಟದ ಮಾರ್ಗಶಿರದ ಚಳಿಗೇ ಕಂಬಳಿ ಹುಡುಕುವ ನಮಗೆ, ಸೊನ್ನೆಗಿಂತ ೨೦ ಡಿಗ್ರಿ ಕೆಳಗಿನ ಚಳಿಯನ್ನು ಊಹಿಸುವುದೂ ಕಷ್ಟ. ಆದರೆ ಕಟ್ಟಡಗಳೊಳಗೆ ಬಿಸಿನೀರಿನ ಕೊಳವೆಗಳಿದ್ದು ಬೆಚ್ಚಗಿರುತ್ತದೆ. ಕಾಲೇಜಿನ ಬಾಗಿಲಲ್ಲಿಯೇ ದಪ್ಪ ಕೋಟನ್ನು ಕಳಚಿ ಒಪ್ಪಿಸಿ, ಬಿಲ್ಲೆ ಪಡೆದು ಒಳಗೆ ಹೋಗಬೇಕು. ತಪ್ಪಿಸಿದ ಪಾಠವನ್ನು ಬೇರೊಂದು ದಿನ ಒಪ್ಪಿಸಲೇಬೇಕು. ಅಂಕಗಳ ಎಣಿಕೆ ಐದಕ್ಕೆ. ಎರಡು ಬಂದರೆ ನಪಾಸು.

ವಿದ್ಯಾರ್ಥಿನಿಲಯದಲ್ಲಿ ಹಲವರಿಗೆ ಒಂದೇ ಅಡಿಗೆಮನೆ. ಊರಿನಿಂದ ಒಯ್ದ ರಾಗಿಹಿಟ್ಟು ಎರಡು ತಿಂಗಳಿಗೆ ಮುಗಿಯಿತಂತೆ. ಅಲ್ಲಿಯ ಜನರು ಶ್ಚಿ ಎಂದು ಕರೆಯುವ ಸಾರು ಎಲೆಕೋಸಿನದು. “ಸಾರ್, ನಮ್ಮ ಹೊಲದಲ್ಲಿ ಕೋಸು ಕೊಯ್ದು ಲಾರಿಗೆ ತುಂಬುವಾಗ ಅದರ ಮುಖ ನೋಡುವುದಕ್ಕೂ ಬೇಸರವಾಗುತ್ತಿತ್ತು. ಇಲ್ಲಿ ಅದೇ ನಮಗೆ ನೆಂಟ” ಎಂದು ಹುಡುಗನು ನಕ್ಕನು.

ಉಪಾಧ್ಯಾಯರನ್ನು ಅವರ ತಂದೆಯ ಹೆಸರನ್ನೂ ಸೇರಿಸಿ ಕರೆಯುವುದು ಅಲ್ಲಿಯ ಮರ್ಯಾದೆ. ಪ್ಯೋತ್ರ್ ಎಂಬಾತನ ಮಗ ಇವಾನನು ಇವಾನ್ ಪೆತ್ರೋವಿಚ್ ಆಗುವನು. ಹೆಸರಿನ ಮುಂದೆ ತಂದೆಯ ಹೆಸರಿನ ಅಕ್ಷರವನ್ನು ಬರೆದುಕೊಳ್ಳುವ ನಮಗೆ ಇದು ಅಪರಿಚಿತವಲ್ಲ. ‘ನೀನು’, ‘ನೀವು’ ಎಂಬ ಭೇದವೂ ಅಲ್ಲಿ ಉಂಟು. ಅವರ ವರ್ಣಮಾಲೆಯ ಅಕ್ಷರಗಳು ೩೩. ಇಂಗ್ಲಿಷಿನ ‘ಪಿ’ಯಂತೆ ಕಾಣುವುದು ಅಲ್ಲಿ ರಕಾರ, ‘ಹೆಚ್’ನಂತೆ ಕಾಣುವುದು ನಕಾರ. ಸಂಸ್ಕೃತವನ್ನು ಬಲ್ಲವರಿಗೆ ಕೆಲವು ಶಬ್ದಗಳು ಬಂಧುಗಳಂತೆ ಎದುರಾಗುತ್ತವೆ: ದ್ವಿ ಅಲ್ಲಿ ದ್ವಾ, ಅಗ್ನಿ ಅಗೋನ್, ಮಾತೃ ಮಾತ್, ಭ್ರಾತೃ ಬ್ರಾತ್, ಸೂನು ಸಿನ್.

ಈಗ ನಾವು ಹೇಳಬೇಕೆಂದಿರುವ ಮುಖ್ಯ ಸಂಗತಿಗೆ ಬರುವೆವು. ಅಲ್ಲಿ ಪಾಠವೇನೋ ಇಂಗ್ಲಿಷಿನಲ್ಲಿ ನಡೆಯುತ್ತದೆ. ಆದರೆ ಮಂಚದ ಮೇಲಿನ ರೋಗಿಗೆ ಇಂಗ್ಲಿಷ್ ಬಾರದು. ಮೂರನೆಯ ವರ್ಷ ನಮ್ಮ ಹುಡುಗನನ್ನು ಒಬ್ಬ ಮುದುಕಿಯ ಬಳಿಗೆ ಕಳುಹಿಸಿದರಂತೆ. ಆಕೆ ‘ಬಲಿತ್’ ಎಂದಳು. ನೋಯುತ್ತಿದೆ ಎಂದರ್ಥ. ಅಷ್ಟು ಅವನಿಗೆ ತಿಳಿಯಿತು. ಎಲ್ಲಿ, ಎಂದಿನಿಂದ, ಯಾವ ಬಗೆಯ ನೋವು ಎಂದು ಆಕೆ ಹೇಳುತ್ತ ಹೋದುದು ಒಂದೂ ತಿಳಿಯಲಿಲ್ಲ. ಆಕೆ ಅವನ ಮುಖವನ್ನು ನೋಡಿ, ಕೈ ಸವರಿ, ‘ಸಿನೋಕ್’ ಎಂದು ಸುಮ್ಮನಾದಳಂತೆ. ಮಗುವೇ ಎಂದು ಆ ಮಾತಿನ ಅರ್ಥ. ಅಂದು ರಾತ್ರಿ ಅವನು, “ಇಷ್ಟು ಓದಿಯೂ ಒಬ್ಬ ಅಜ್ಜಿಯ ನೋವನ್ನು ಕೇಳಲಾರದೆ ಹೋದೆ ಸಾರ್” ಎಂದನು.

ನಮಗೆ ನಮ್ಮ ಬೆಟ್ಟದ ಅಜ್ಜಿಯರ ನೆನಪಾಯಿತು. ದಿಂಬಂ ಘಾಟಿನ ೨೭ ತಿರುವುಗಳನ್ನು ಇಳಿಸಿ ಬಯಲಿನ ಆಸ್ಪತ್ರೆಗೆ ಅವರನ್ನು ಕರೆದೊಯ್ಯುತ್ತೇವೆ. ಹೊಟ್ಟೆ ನುಲಿಯುತ್ತದೆ, ಎದೆ ಹಿಂಡುತ್ತದೆ, ಕಾಲು ಸೆಳೆಯುತ್ತದೆ, ಕೈ ಜೋಮು ಹಿಡಿಯುತ್ತದೆ ಎಂದು ಅಜ್ಜಿ ಕನ್ನಡದಲ್ಲಿ ಹೇಳಿಕೊಳ್ಳುತ್ತಾಳೆ. ಮೊಮ್ಮಗನು ಅಷ್ಟನ್ನೂ ತಮಿಳಿನ ‘ವಲಿಕ್ಕುದು’ ಎಂಬ ಒಂದೇ ಮಾತಿಗೆ ಇಳಿಸಿ ವೈದ್ಯರಿಗೆ ಒಪ್ಪಿಸುತ್ತಾನೆ. ನಾಲ್ಕು ಬಗೆಯ ನೋವು ಒಂದಾಗಿ ಹೋಯಿತು. ಇದು ವೈದ್ಯರ ತಪ್ಪಲ್ಲ, ಮೊಮ್ಮಗನ ತಪ್ಪೂ ಅಲ್ಲ. ರೋಗಿಯ ನುಡಿಯನ್ನು ಬಲ್ಲ ವೈದ್ಯನು ಬೇಕೆಂಬುದು ವೋಲ್ಗಾ ತೀರದಲ್ಲಿಯೂ ನಿಜ, ತಾಳವಾಡಿಯಲ್ಲಿಯೂ ನಿಜ.

ಕಳುಹಿಸಬೇಕೆನ್ನುವ ತಂದೆತಾಯಿಗಳು ನಿಯಮಗಳನ್ನು ಮೊದಲೇ ತಿಳಿದಿರಬೇಕು. ನೀಟ್ ಪರೀಕ್ಷೆಯಲ್ಲಿ ಅರ್ಹತೆ ಪಡೆಯದೆ ಹೋದರೆ ಮುಂದೆ ಇಲ್ಲಿ ವೃತ್ತಿ ಮಾಡಲಾಗದು. ರಾಷ್ಟ್ರೀಯ ವೈದ್ಯಕೀಯ ಆಯೋಗವು ೨೦೨೧ರ ನವೆಂಬರಿನಲ್ಲಿ ಹೊರಡಿಸಿದ ನಿಯಮಗಳಂತೆ, ಇಂಗ್ಲಿಷ್ ಮಾಧ್ಯಮದಲ್ಲಿ ಕನಿಷ್ಠ ೫೪ ತಿಂಗಳ ಓದು, ಅದೇ ಸಂಸ್ಥೆಯಲ್ಲಿ ೧೨ ತಿಂಗಳ ಆಸ್ಪತ್ರೆಯ ತರಬೇತಿ, ಸ್ವದೇಶಕ್ಕೆ ಬಂದ ಮೇಲೆ ಮತ್ತೆ ೧೨ ತಿಂಗಳ ತರಬೇತಿ ಆಗಬೇಕು. ವಿದೇಶದಲ್ಲಿ ಓದಿದವರ ಅರ್ಹತಾ ಪರೀಕ್ಷೆಯಲ್ಲಿ ೩೦೦ಕ್ಕೆ ೧೫೦ ಅಂಕ ಬಾರದೆ ಪದವಿ ಕೈಗೆ ಬಂದರೂ ಫಲವಿಲ್ಲ. ದಲ್ಲಾಳಿಗಳು ಶುಲ್ಕವನ್ನು ಹೇಳುವಷ್ಟು ಬೇಗನೆ ಇದನ್ನು ಹೇಳುವುದಿಲ್ಲ. ಯುದ್ಧದ ಭಯವೂ ಕಟ್ಟುಕಥೆಯಲ್ಲ. ೨೦೨೨ರ ಮಾರ್ಚ್ ೧ರಂದು ನೆರೆಯ ಉಕ್ರೇನಿನ ಖಾರ್ಕಿವ್ ನಗರದಲ್ಲಿ ಹಾವೇರಿ ಜಿಲ್ಲೆಯ ವೈದ್ಯವಿದ್ಯಾರ್ಥಿಯೊಬ್ಬನು ರಷ್ಯಾದ ದಾಳಿಗೆ ಬಲಿಯಾದನು. ಅವನ ತಂದೆತಾಯಿಗಳು ಮಗನ ದೇಹವನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿನ ಮಕ್ಕಳ ಅಭ್ಯಾಸಕ್ಕೆ ದಾನ ಮಾಡಿದರು. ಆ ಹಿರಿಯರನ್ನು ಈ ವೇದಿಕೆಯಿಂದ ನಮಸ್ಕರಿಸುವೆವು.

ಸಲಹೆ ಕೇಳಿದ ತಂದೆಗೆ ನಾವು ಹೇಳಿದ್ದು ಇಷ್ಟೇ: ಲೆಕ್ಕವನ್ನೆಲ್ಲ ಹಾಕಿದ ಮೇಲೂ ಕಳುಹಿಸುವುದಾದರೆ, ಮೊದಲ ದಿನದಿಂದಲೇ ರಷ್ಯನ್ ಭಾಷೆಯನ್ನು ಮನಸ್ಸಿಟ್ಟು ಕಲಿಯಲೆಂದು ಹೇಳಿ ಕಳುಹಿಸಿರಿ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತಮಿಳು, ಪುಸ್ತಕದಲ್ಲಿ ಇಂಗ್ಲಿಷ್ ಎಂದು ಬೆಳೆದ ಗಡಿನಾಡಿನ ಮಗುವಿಗೆ ನಾಲ್ಕನೆಯ ಭಾಷೆ ಹೊರೆಯಾಗಲಾರದು. ಹಾಗೆಯೇ, ಕನ್ನಡದಲ್ಲಿ ಓದಿದುದು ಹಿಂದುಳಿದ ಲಕ್ಷಣವೆಂದು ಅವನು ತಿಳಿಯದಿರಲಿ. ಒಂದು ದಿನ ಅವನು ವೈದ್ಯನಾಗಿ ಈ ಬೆಟ್ಟಕ್ಕೆ ಮರಳಿದರೆ, ನಮ್ಮ ಅಜ್ಜಿಯರು ತಮ್ಮ ನೋವನ್ನು ಹೇಳಿಕೊಳ್ಳುವುದು ಕನ್ನಡದಲ್ಲಿಯೇ.

ನಮ್ಮ ಹುಡುಗನು ಈಗ ವಾರಕ್ಕೊಮ್ಮೆ ಆ ಮುದುಕಿಯಂಥವರ ಮಾತುಗಳನ್ನು ಒಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಾನಂತೆ. ಎದುರು ಪುಟದಲ್ಲಿ ಕನ್ನಡದ ಅರ್ಥವನ್ನು ಬರೆಯುತ್ತಾನೆ. ಅವನಿಗೆ ತಮ್ಮೆಲ್ಲರ ಆಶೀರ್ವಾದವಿರಲಿ.