ಕೊಟ್ಟ ಮೇಲೂ ನೋಡಿಕೊಳ್ಳೋಣ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಐವತ್ತು ತುಂಬಿದ ನಮ್ಮ ಶಾಲೆಗೆ ಏನಾದರೂ ಕೊಡಬೇಕೆಂಬ ಆಸೆ ಇಲ್ಲಿರುವ ನಮಗೆಲ್ಲ ಇದೆ. ಹೇಗೆ ಕೊಡಬೇಕು ಎಂಬುದರ ಬಗ್ಗೆ ಎರಡು ಮಾತು ಹೇಳುತ್ತೇನೆ.

ಕೊಡಲು ಸಿರಿವಂತರೇ ಆಗಬೇಕಿಲ್ಲ. ಮಂಗಳೂರಿನಲ್ಲಿ ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬ ಅವರು ಸ್ವತಃ ಶಾಲೆ ಕಲಿತವರಲ್ಲ. ದುಡಿದದ್ದರಲ್ಲಿ ಉಳಿಸಿ, ಕಚೇರಿಗಳಿಗೆ ಅಲೆದು, ತಮ್ಮೂರಿಗೆ ಶಾಲೆ ತಂದರು. ಬಂದ ಬಹುಮಾನದ ಹಣವನ್ನೂ ಅದಕ್ಕೇ ಹಾಕಿದರು. 2020ರ ಪದ್ಮಶ್ರೀ ಅವರಿಗೆ ಸಂದಿತು. ಕೊಪ್ಪಳ ಜಿಲ್ಲೆಯ ಕುಣಿಕೇರಿಯ ಹುಚ್ಚಮ್ಮ ಚೌದ್ರಿ ಅವರು ತಮ್ಮ ಎರಡು ಎಕರೆ ಜಮೀನನ್ನು ಶಾಲೆಗೆ ಬಿಟ್ಟುಕೊಟ್ಟು, ಅಲ್ಲಿಯೇ ಬಿಸಿಯೂಟದ ಅಡುಗೆ ಮಾಡಿದರು. ಇಬ್ಬರೂ ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ಕೊಟ್ಟ ಮೇಲೂ ಶಾಲೆಯ ಜೊತೆಗೇ ಉಳಿದರು.

ನಾನು ಸಾಫ್ಟ್‌ವೇರ್ ಕೆಲಸದವನು. ನಮ್ಮ ಕಸುಬಿನಲ್ಲಿ ಪ್ರೋಗ್ರಾಂ ಬರೆದ ದಿನಕ್ಕೆ ಕೆಲಸ ಮುಗಿಯುವುದಿಲ್ಲ. ಅದನ್ನು ವರ್ಷಗಟ್ಟಲೆ ಕೆಡದಂತೆ ನಡೆಸುವುದೇ ದೊಡ್ಡ ಖರ್ಚು. ಶಾಲೆಯೂ ಹಾಗೆಯೇ. ಕಂಪ್ಯೂಟರ್ ಕೊಟ್ಟವರ ಹೆಸರು ಗೋಡೆಯ ಮೇಲಿರುತ್ತದೆ. ಯುಪಿಎಸ್ ಬ್ಯಾಟರಿ ಸತ್ತಾಗ ಬದಲಿಸುವವರು ಇರುವುದಿಲ್ಲ. ಶೌಚಾಲಯ ಕಟ್ಟಿಸಿರುತ್ತಾರೆ; ಪಂಪು ಕೆಟ್ಟು ನೀರಿಲ್ಲದಿದ್ದರೆ ಅದಕ್ಕೆ ಬೀಗ ಬೀಳುತ್ತದೆ. ಅದರ ಕಷ್ಟ ಮೊದಲು ತಟ್ಟುವುದು ಹೆಣ್ಣುಮಕ್ಕಳಿಗೆ.

ಪ್ರೌಢಶಾಲೆಗೆ ಇನ್ನೊಂದು ತೊಡಕಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ, 8ನೇ ತರಗತಿಯವರೆಗೆ ಅನ್ವಯಿಸುತ್ತದೆ. 9 ಮತ್ತು 10ನೇ ತರಗತಿ ಅದರ ಹೊರಗಿವೆ. ಮನೆಯ ಕಷ್ಟಕ್ಕೆ ಮಕ್ಕಳು ಓದು ಬಿಟ್ಟು ಕೂಲಿಗೆ ಹೋಗುವುದೂ ಈ ವಯಸ್ಸಿನಲ್ಲೇ. ಬಸ್ ಪಾಸಿನ ದುಡ್ಡು, ಪರೀಕ್ಷಾ ಶುಲ್ಕ, ಒಂದು ಜೊತೆ ಕನ್ನಡಕ ಇಂಥ ಸಣ್ಣ ಮೊತ್ತಕ್ಕೆ ಒಂದು ಮಗುವಿನ ಎಸ್‌ಎಸ್‌ಎಲ್‌ಸಿ ನಿಂತುಹೋಗಬಾರದು.

ಆದ್ದರಿಂದ ನನ್ನ ವಿನಂತಿ ಇಷ್ಟು. ಒಂದು ಬ್ಯಾಚಿನ 30 ಮಂದಿ ತಿಂಗಳಿಗೆ 200 ರೂಪಾಯಿ ತೆಗೆದಿಟ್ಟರೆ ವರ್ಷಕ್ಕೆ 72,000 ರೂಪಾಯಿ ಆಗುತ್ತದೆ. ಅದು ಎಸ್‌ಡಿಎಂಸಿಯ ಬ್ಯಾಂಕ್ ಖಾತೆಗೆ ಹೋಗಲಿ, ರಸೀದಿ ಇರಲಿ, ಪ್ರತಿ ಆಗಸ್ಟ್ 15ರಂದು ಲೆಕ್ಕವನ್ನು ಊರಿನ ಮುಂದೆ ಓದಲಿ. ಏನು ಬೇಕೆಂದು ಮೊದಲು ಮುಖ್ಯೋಪಾಧ್ಯಾಯರನ್ನು ಕೇಳೋಣ. ನೆರವು ಪಡೆದ ಮಗುವನ್ನು ವೇದಿಕೆಗೆ ಕರೆದು ಫೋಟೊ ತೆಗೆಸುವುದು ಬೇಡ.

ಒಂದು ಮಾತು ಮರೆಯಬಾರದು. ಶಿಕ್ಷಕರನ್ನು ನೇಮಿಸುವುದು, ಕೊಠಡಿ ಕಟ್ಟಿಸುವುದು ಸರ್ಕಾರದ ಹೊಣೆ. ನಮ್ಮ ದೇಣಿಗೆ ಅದಕ್ಕೆ ಬದಲಿಯಲ್ಲ. ಹುದ್ದೆ ಖಾಲಿ ಬಿದ್ದಾಗ ಅರ್ಜಿ ಹಿಡಿದು ಬಿಇಒ ಕಚೇರಿಗೆ ಹೋಗುವುದೂ ಹಳೆಯ ವಿದ್ಯಾರ್ಥಿಯ ಕೊಡುಗೆಯೇ.

ನಮ್ಮ ಬ್ಯಾಚಿನವರು ಈ ತಿಂಗಳಿನಿಂದಲೇ ಶುರು ಮಾಡುತ್ತಿದ್ದೇವೆ. ಉಳಿದ ಬ್ಯಾಚಿನವರೂ ಜೊತೆಗೂಡಬೇಕೆಂದು ಕೋರುತ್ತೇನೆ.

– ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್